ಒಡಹುಟ್ಟಿದವರ ಚರ್ಮವೂ ಯಾಕೆ ಹಿಡಿಯುವುದಿಲ್ಲ? ಮೊಲ, ದನ, ಇಲಿ ಬಿಡಿಸಿದ ಒಗಟು

ನಮ್ಮ ಗಂಗೊಳ್ಳಿಯವರಿಗೆ ಬೆಂಕಿಯ ಭಯ ಏನೆಂದು ಹೇಳಿಕೊಡಬೇಕಾಗಿಲ್ಲ. 2023ರ ದೀಪಾವಳಿ ಹೊತ್ತಿಗೆ ದಡದಲ್ಲಿ ನಿಲ್ಲಿಸಿದ್ದ ಬೋಟುಗಳು ಹೊತ್ತಿ ಉರಿದದ್ದನ್ನು ಊರು ಮರೆತಿಲ್ಲ. ಬೋಟು ಸುಟ್ಟರೆ ಸಾಲ ಮಾಡಿಯಾದರೂ ಇನ್ನೊಂದು ಕಟ್ಟಿಸಬಹುದು. ಮೈ ಸುಟ್ಟರೆ ಏನು ಮಾಡುವುದು? ಅಡುಗೆಮನೆಯ ಗ್ಯಾಸ್, ಬಚ್ಚಲ ಒಲೆ, ಬೋಟಿನ ಇಂಜಿನ್, ಹಬ್ಬದ ಪಟಾಕಿ, ಎಲ್ಲಿಂದ ಬೇಕಾದರೂ ಬೆಂಕಿ ಬರಬಹುದು.

ಸುಟ್ಟಗಾಯದ ವಾರ್ಡಿನ ಹೊರಗೆ ಕೂತ ಅಮ್ಮನೋ ಅಣ್ಣನೋ ಡಾಕ್ಟರ ಹತ್ತಿರ ಹೇಳುವ ಮಾತು ಒಂದೇ: "ನನ್ನ ಚರ್ಮ ತೆಗೆದು ಇವನಿಗೆ ಹಾಕಿ." ಡಾಕ್ಟರು ಒಪ್ಪುವುದಿಲ್ಲ. "ನಿಮ್ಮದು ಹಿಡಿಯುವುದಿಲ್ಲ, ಅವರದೇ ತೊಡೆಯಿಂದ ತೆಗೆಯಬೇಕು" ಅನ್ನುತ್ತಾರೆ. ಮನೆಯವರಿಗೆ ಇದು ಅರ್ಥವಾಗುವುದಿಲ್ಲ. ರಕ್ತ ಕೊಡಬಹುದು, ಕಿಡ್ನಿಯನ್ನೂ ಕೊಡಬಹುದು, ಮೇಲಿನ ಚರ್ಮ ಕೊಡಲು ಯಾಕೆ ಆಗುವುದಿಲ್ಲ?

ತೋಟ ಇದ್ದವರಿಗಂತೂ ಈ ಪ್ರಶ್ನೆ ಇನ್ನೂ ಕಗ್ಗಂಟು. ಪಕ್ಕದ ಮನೆಯ ಒಳ್ಳೆಯ ಮಾವಿನ ಕುಡಿ ತಂದು ನಮ್ಮ ಕಾಟು ಮಾವಿನ ಗಿಡಕ್ಕೆ ಕಟ್ಟಿದರೆ ಹಿಡಿಯುತ್ತದೆ. ಅದಕ್ಕೆ ಕಸಿ ಅನ್ನುತ್ತೇವೆ. ಆಸ್ಪತ್ರೆಯವರೂ "ಚರ್ಮ ಕಸಿ" ಎಂಬ ಅದೇ ಪದ ಬಳಸುತ್ತಾರೆ. ಮರ ಬೇರೆ ಮರದ ಕೊಂಬೆಯನ್ನು ತನ್ನದಾಗಿಸಿಕೊಳ್ಳುತ್ತದೆ, ಮನುಷ್ಯನ ಮೈ ತನ್ನ ಒಡಹುಟ್ಟಿದವರ ಚರ್ಮವನ್ನೂ ಇಟ್ಟುಕೊಳ್ಳುವುದಿಲ್ಲ. ಇದು ಯಾಕೆ ಎಂದು ತಿಳಿಯಲು ವೈದ್ಯರಿಗೆ ನೂರೈವತ್ತು ವರ್ಷ ಬೇಕಾಯಿತು. ಆ ಕತೆಯ ಒಂದು ಹಳೆಯ ಎಳೆ ಶುರುವಾಗುವುದು ನಮ್ಮ ರಾಜ್ಯದಲ್ಲೇ, ಶ್ರೀರಂಗಪಟ್ಟಣದ ಹತ್ತಿರ.

ಮೂಗು ಕಳೆದುಕೊಂಡ ಎತ್ತಿನಾಳು

1794ರ ಅಕ್ಟೋಬರಿನಲ್ಲಿ ಲಂಡನ್ನಿನ 'ಜೆಂಟಲ್‌ಮನ್ಸ್ ಮ್ಯಾಗಜಿನ್' ಎಂಬ ಪತ್ರಿಕೆಯಲ್ಲಿ ಒಂದು ಪತ್ರ ಅಚ್ಚಾಯಿತು. ಜೊತೆಗೆ ಒಬ್ಬ ಭಾರತೀಯನ ಚಿತ್ರ. ಅವನ ಹೆಸರು ಕಾವಸ್‌ಜೀ. ಮೂರನೇ ಆಂಗ್ಲೋ-ಮೈಸೂರು ಯುದ್ಧದಲ್ಲಿ ಇಂಗ್ಲಿಷರ ಸೈನ್ಯಕ್ಕೆ ಎತ್ತು ಹೊಡೆಯುತ್ತಿದ್ದ ಮರಾಠಾ ರೈತ. ಪತ್ರ ಹೇಳುವ ಪ್ರಕಾರ, ಅವನು ಟಿಪ್ಪುವಿನ ಕಡೆಯವರಿಗೆ ಸೆರೆ ಸಿಕ್ಕಿ ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡ. ಆಮೇಲೆ ಶ್ರೀರಂಗಪಟ್ಟಣದ ಹತ್ತಿರ ಬಾಂಬೆ ಸೈನ್ಯವನ್ನು ಸೇರಿಕೊಂಡ. ಒಂದು ವರ್ಷಕ್ಕೂ ಹೆಚ್ಚು ಕಾಲ ಮೂಗಿಲ್ಲದೆ ಇದ್ದ.

ಅವನಿಗೆ ಹೊಸ ಮೂಗು ಮಾಡಿಕೊಟ್ಟವನು ಇಟ್ಟಿಗೆ ಮಾಡುವ ಜಾತಿಯ ಒಬ್ಬ ಮನುಷ್ಯ, ಪುಣೆಯ ಹತ್ತಿರದವನು. ಅವನು ಮಾಡಿದ್ದು ಹೀಗೆ: ಮೇಣದ ತೆಳು ಹಾಳೆಯಿಂದ ಮೂಗಿನ ಅಳತೆ ತೆಗೆದ. ಅದನ್ನು ಹಣೆಯ ಮೇಲೆ ಚಪ್ಪಟೆಯಾಗಿ ಇಟ್ಟು ಸುತ್ತ ಗೆರೆ ಎಳೆದ. ಗೆರೆಯ ಒಳಗಿನ ಚರ್ಮವನ್ನು ಬಿಡಿಸಿದ. ಆದರೆ ಎರಡು ಕಣ್ಣುಗಳ ನಡುವೆ ಒಂದು ಸಣ್ಣ ಪಟ್ಟಿಯನ್ನು ಕತ್ತರಿಸದೆ ಹಾಗೇ ಉಳಿಸಿದ. ಬಿಡಿಸಿದ ಚರ್ಮವನ್ನು ತಿರುಗಿಸಿ ಕೆಳಗೆ ತಂದು ಮೂಗಿನ ಜಾಗದಲ್ಲಿ ಕೂರಿಸಿದ. ಅಂಟಿಗೆ ಬಳಸಿದ್ದು ಎಲೆಯಡಿಕೆಗೆ ಹಾಕುವ ಕಾಚಿನಂಥದ್ದನ್ನೇ ನೀರಲ್ಲಿ ಕಲಸಿ ಬಟ್ಟೆಗೆ ಹಚ್ಚಿದ ಪಟ್ಟಿ. ನಾಲ್ಕು ದಿನ ಆದ ಮೇಲೆ ಅದನ್ನು ತೆಗೆದು ತುಪ್ಪದಲ್ಲಿ ಅದ್ದಿದ ಬಟ್ಟೆ ಇಟ್ಟ. ಸುಮಾರು 25ನೇ ದಿನಕ್ಕೆ ಕಣ್ಣುಗಳ ನಡುವಿನ ಆ ಪಟ್ಟಿಯನ್ನು ಕತ್ತರಿಸಿದ.

ಗುಟ್ಟು ಇದ್ದದ್ದು ಆ ಪಟ್ಟಿಯಲ್ಲಿ. ಹೊಸ ಜಾಗದಲ್ಲಿ ಚರ್ಮ ಬೇರೂರುವ ತನಕ ಹಳೆಯ ರಕ್ತನಾಳ ಅದನ್ನು ಸಾಕುತ್ತಿತ್ತು. ಇನ್ನೊಂದು ಗುಟ್ಟೂ ಇತ್ತು, ಅದನ್ನು ಆಗ ಯಾರೂ ಗಮನಿಸಿರಲಿಲ್ಲ: ಚರ್ಮ ಅವನದೇ ಆಗಿತ್ತು. ನಮ್ಮ ದೇಶದ ಈ ಪದ್ಧತಿ ತುಂಬಾ ಹಳೆಯದು. ಸುಶ್ರುತ ಸಂಹಿತೆಯಲ್ಲಿ ಕೆನ್ನೆಯ ಚರ್ಮದಿಂದ ಮೂಗು ಮಾಡುವ ಕ್ರಮ ಇದೆ. ಪತ್ರಿಕೆಯ ಆ ಸುದ್ದಿ ಯುರೋಪಿನ ವೈದ್ಯರ ಕಣ್ಣು ತೆರೆಸಿತು. 1814ರಲ್ಲಿ ಲಂಡನ್ನಿನ ಜೋಸೆಫ್ ಕಾರ್ಪ್ಯೂ ಇದೇ ರೀತಿ ಹಣೆಯ ಚರ್ಮದಿಂದ ಮೂಗು ಮಾಡಿದರು.

ಟಗರಿನ ಬೆನ್ನಿನಿಂದ ಚರ್ಚಿಲ್‌ನ ತೋಳಿನ ತನಕ

ಮೂಲದ ಪಟ್ಟಿ ಉಳಿಸದೆ ಚರ್ಮವನ್ನು ಪೂರ್ತಿ ಕಿತ್ತು ಬೇರೆ ಕಡೆ ಇಟ್ಟರೆ ಬದುಕುತ್ತದೆಯೇ? ಇದನ್ನು ಪ್ರಾಣಿಯ ಮೇಲೆ ನೋಡಿದವರು ಇಟಲಿಯ ಮಿಲಾನ್ ನಗರದ ಜ್ಯುಸೆಪ್ಪೆ ಬರೋನಿಯೊ. 1804ರಲ್ಲಿ ಅವರು ಪ್ರಕಟಿಸಿದ ಪುಸ್ತಕದಲ್ಲಿ ಒಂದು ಟಗರಿನ ಚಿತ್ರ ಇದೆ. ಅದರ ಬೆನ್ನಿನ ಒಂದು ಪಕ್ಕದ ಚರ್ಮದ ತುಂಡನ್ನು ತೆಗೆದು ಇನ್ನೊಂದು ಪಕ್ಕಕ್ಕೆ ಹಾಕಿದರು, ಅಲ್ಲಿಯದನ್ನು ಇಲ್ಲಿಗೆ. ತೇಪೆಗಳು ಹಿಡಿದವು. ಸ್ವಂತ ಚರ್ಮ ಪೂರ್ತಿ ಕಿತ್ತಿಟ್ಟರೂ ಬದುಕುತ್ತದೆ ಎಂಬುದು ಖಾತ್ರಿಯಾಯಿತು. 1869ರಲ್ಲಿ ಪ್ಯಾರಿಸ್‌ನಲ್ಲಿ ಜಾಕ್ ರೆವರ್ಡಿನ್ ಎಂಬ ಯುವ ವೈದ್ಯ ಚರ್ಮದ ಸಣ್ಣ ಸಣ್ಣ ಚೂರುಗಳನ್ನು ಗಾಯದ ಮೇಲೆ ನಾಟಿ ಮಾಡಿ ತೋರಿಸಿದರು. ನಾವು ಗದ್ದೆಯಲ್ಲಿ ಅಗೆ ನೆಟ್ಟ ಹಾಗೆ: ಚೂರಿನ ಅಂಚಿನಿಂದ ಹೊಸ ಚರ್ಮ ಹಬ್ಬುತ್ತದೆ.

ಆಮೇಲೆ ಶುರುವಾಯಿತು ಗೊಂದಲ. ಸ್ವಂತದ್ದು ಹಿಡಿಯುತ್ತದೆ ಎಂದಾದರೆ ಬೇರೆಯವರದ್ದು ಯಾಕೆ ಹಿಡಿಯಬಾರದು ಎಂದು ವೈದ್ಯರು ಸಿಕ್ಕಿದವರ ಚರ್ಮ ಹಾಕತೊಡಗಿದರು. ಕೆಲವರು ಕಪ್ಪೆಯ ಚರ್ಮವನ್ನೂ ಹಾಕಿದರು. 1898ರಲ್ಲಿ ಸುಡಾನ್ ಯುದ್ಧದ ಹೊತ್ತಿಗೆ, ಮುಂದೆ ಬ್ರಿಟನ್ನಿನ ಪ್ರಧಾನಿಯಾದ ವಿನ್‌ಸ್ಟನ್ ಚರ್ಚಿಲ್ ಗಾಯಗೊಂಡ ಸಹ ಅಧಿಕಾರಿಗಾಗಿ ತನ್ನ ತೋಳಿನ ಚರ್ಮದ ಚೂರು ಕೊಟ್ಟಿದ್ದರು. ಅದು ಅವನ ಮೈಯಲ್ಲಿ ಉಳಿದೇ ಇದೆ ಎಂದು ಮುಂದೆ ಬರೆದುಕೊಂಡರು.

ಇಷ್ಟೊಂದು ಜನ ಹೇಗೆ ಮೋಸ ಹೋದರು? ಬೇರೆಯವರ ಚರ್ಮವೂ ಮೊದಲ ಒಂದು ವಾರ ಚೆನ್ನಾಗಿಯೇ ಅಂಟುತ್ತದೆ. ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ನೋಡಿದವರು ಗೆದ್ದೆವು ಅಂದುಕೊಳ್ಳುತ್ತಾರೆ. ಆಮೇಲೆ ಅದು ಮೆಲ್ಲಗೆ ಸಾಯುತ್ತದೆ, ಅಷ್ಟರಲ್ಲಿ ಸಣ್ಣ ಗಾಯವಾದರೆ ಸುತ್ತಲಿನ ಸ್ವಂತ ಚರ್ಮ ಅಡಿಯಿಂದ ಬೆಳೆದು ಜಾಗ ಮುಚ್ಚಿರುತ್ತದೆ. ಹಾಕಿದ್ದು ಉಳಿಯಿತೋ, ಬೆಳೆದದ್ದು ಉಳಿಯಿತೋ ಎಂದು ಬರಿಗಣ್ಣಿಗೆ ತಿಳಿಯುವುದಿಲ್ಲ. ಗಾಯ ದೊಡ್ಡದಾದರೆ ಮಾತ್ರ ಬಣ್ಣ ಬಯಲಾಗುತ್ತದೆ.

ಗ್ಲಾಸ್ಗೋದ ಅಣ್ಣ-ತಂಗಿ ಕತೆ

ಬಯಲು ಮಾಡಿದ್ದು ಎರಡನೇ ಮಹಾಯುದ್ಧ. 1940ರಲ್ಲಿ ಇಂಗ್ಲೆಂಡಿನ ಆಕ್ಸ್‌ಫರ್ಡಿನಲ್ಲಿ ಪೀಟರ್ ಮೆಡಾವರ್ ಎಂಬ 25 ವರ್ಷದ ಪ್ರಾಣಿಶಾಸ್ತ್ರಜ್ಞನ ಮನೆಯ ಹತ್ತಿರವೇ ಒಂದು ಯುದ್ಧವಿಮಾನ ಬಿದ್ದು ಉರಿಯಿತು. ಅದರಲ್ಲಿದ್ದವನೊಬ್ಬ ಭಯಂಕರವಾಗಿ ಸುಟ್ಟು ಆಸ್ಪತ್ರೆ ಸೇರಿದ. ಅವನಿಗಾಗಿ ಏನಾದರೂ ದಾರಿ ಹುಡುಕಿ ಎಂದು ವೈದ್ಯರೊಬ್ಬರು ಮೆಡಾವರನ್ನು ಕೇಳಿದರು. ಮೆಡಾವರ್ ಡಾಕ್ಟರಲ್ಲ, ಆದರೂ ಆ ಪ್ರಶ್ನೆ ಅವರನ್ನು ಮತ್ತೆ ಬಿಡಲಿಲ್ಲ.

ಅವರು ಸ್ಕಾಟ್ಲೆಂಡಿನ ಗ್ಲಾಸ್ಗೋ ಆಸ್ಪತ್ರೆಗೆ ಹೋಗಿ ಟಾಮ್ ಗಿಬ್ಸನ್ ಎಂಬ ಶಸ್ತ್ರವೈದ್ಯರ ಜೊತೆ ಕೆಲಸ ಮಾಡಿದರು. ಅಲ್ಲಿ ಗ್ಯಾಸ್ ಬೆಂಕಿಯಿಂದ ಸುಟ್ಟ ಒಬ್ಬ ಯುವತಿ ಇದ್ದಳು. ಅವಳ ಗಾಯದ ಮೇಲೆ ಅವಳದೇ ಚರ್ಮದ ಚೂರುಗಳನ್ನೂ ಅವಳ ಸಹೋದರನ ಚೂರುಗಳನ್ನೂ ಸಾಲಾಗಿ ಇಟ್ಟರು. ಕೆಲವು ದಿನಕ್ಕೊಮ್ಮೆ ಸಣ್ಣ ಚೂರು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿದರು. ಮೊದಲು ಎರಡೂ ಒಂದೇ ಥರ ಹಿಡಿದವು. ಎರಡು ವಾರ ಕಳೆಯುವಷ್ಟರಲ್ಲಿ ಸಹೋದರನ ಚರ್ಮ ಕರಗತೊಡಗಿತು. ಆಗ ಅದೇ ಸಹೋದರನಿಂದ ಎರಡನೇ ಸಲ ಚೂರು ತೆಗೆದು ಹಾಕಿದರು. ಅದು ಮೊದಲಿನಷ್ಟು ದಿನವೂ ನಿಲ್ಲಲಿಲ್ಲ.

ಇಲ್ಲಿಯೇ ದೊಡ್ಡ ಸುಳಿವು ಸಿಕ್ಕಿತು. ಒಮ್ಮೆ ಸಿಡುಬು ಬಂದು ಹೋದ ಮೈ ಅದನ್ನು ನೆನಪಿಟ್ಟುಕೊಂಡು ಮುಂದಿನ ಸಲ ಬೇಗ ಹೊಡೆದೋಡಿಸುತ್ತದೆ. ಅವಳ ಮೈ ಸಹೋದರನ ಚರ್ಮವನ್ನೂ ಹಾಗೇ ನೆನಪಿಟ್ಟುಕೊಂಡಿತ್ತು. ರೋಗವನ್ನು ಓಡಿಸುವ ಶಕ್ತಿಯೇ ಪರರ ಚರ್ಮವನ್ನೂ ಓಡಿಸುತ್ತದೆ. 1943ರಲ್ಲಿ ಇಬ್ಬರೂ ಇದನ್ನು ಪ್ರಕಟಿಸಿದರು. ಆದರೆ ಒಬ್ಬ ರೋಗಿಯನ್ನು ನೋಡಿ ನಿಯಮ ಹೇಳಲು ಆಗುವುದಿಲ್ಲ.

25 ಮೊಲ, 625 ತೇಪೆ

ಮೆಡಾವರ್ ಆಕ್ಸ್‌ಫರ್ಡಿಗೆ ಮರಳಿ ಮೊಲಗಳನ್ನು ತೆಗೆದುಕೊಂಡರು. 25 ಮೊಲ. ಪ್ರತಿಯೊಂದಕ್ಕೂ 25 ಮೊಲಗಳ ಚರ್ಮ, ಅಂದರೆ ತನ್ನದೂ ಸೇರಿ. ಒಟ್ಟು 625 ತೇಪೆ. ಎಲ್ಲವನ್ನೂ ದಿನ ಲೆಕ್ಕ ಇಟ್ಟು ನೋಡಿದರು.

ತೇಪೆಯ ಒಳಗೆ ಆಗುವುದನ್ನು ನಾವು ಸರಳವಾಗಿ ಹೀಗೆ ಹೇಳಬಹುದು. ಮೊದಲ ಮೂರು ನಾಲ್ಕು ದಿನ ಸ್ವಂತ ತೇಪೆಗೂ ಪರರ ತೇಪೆಗೂ ವ್ಯತ್ಯಾಸ ಇಲ್ಲ. ಅಡಿಯಿಂದ ರಕ್ತನಾಳಗಳು ಒಳಗೆ ನುಗ್ಗುತ್ತವೆ, ತೇಪೆ ಕೆಂಪಾಗುತ್ತದೆ, ಮೇಲ್ಪದರ ದಪ್ಪಗಾಗಿ ಬೆಳೆಯುತ್ತದೆ. ಒಂದು ವಾರದ ಹೊತ್ತಿಗೆ ಪರರ ತೇಪೆಯೊಳಗೆ ಬಿಳಿ ರಕ್ತಕಣಗಳು ಗುಂಪುಗುಂಪಾಗಿ ಸೇರುತ್ತವೆ. ರಕ್ತನಾಳಗಳು ಉಬ್ಬುತ್ತವೆ, ರಕ್ತ ಹರಿಯದೆ ನಿಲ್ಲುತ್ತದೆ, ಅಲ್ಲಲ್ಲಿ ನಾಳ ಒಡೆದು ರಕ್ತ ಸೋರುತ್ತದೆ. ಮೇಲ್ಪದರ ಕೆಳಗಿನ ಪದರದಿಂದ ಬಿಟ್ಟು ಬರುತ್ತದೆ. ಹತ್ತನೇ ದಿನದ ಆಸುಪಾಸು ತೇಪೆ ಕಪ್ಪಗೆ ಒಣಗಿ ಹಕ್ಕಳೆಯಾಗುತ್ತದೆ. ಅದೇ ಮೊಲದಿಂದ ಎರಡನೇ ಸಲ ತಂದು ಹಾಕಿದರೆ ಆರು ದಿನಕ್ಕೇ ಕೆಲಸ ಮುಗಿಯುತ್ತದೆ. ತನ್ನದೇ ಚರ್ಮದ ತೇಪೆಯಾದರೆ ಕೂದಲು ಬಿಟ್ಟುಕೊಂಡು ಬೆಳೆಯುತ್ತದೆ.

1944 ಮತ್ತು 1945ರಲ್ಲಿ ಈ ವರದಿಗಳು ಬಂದವು. ತೇಪೆ ಬೀಳುವುದು ಹೊಲಿಗೆ ಸರಿಯಿಲ್ಲದ್ದಕ್ಕಲ್ಲ, ಕೀವಾದದ್ದಕ್ಕಲ್ಲ, ವೈದ್ಯರ ಕೈ ಗುಣಕ್ಕೂ ಅಲ್ಲ ಎಂದು ಆಮೇಲೆ ಯಾರೂ ವಾದ ಮಾಡಲು ಉಳಿಯಲಿಲ್ಲ. ಮೈ ತನ್ನದು ಯಾವುದು, ಪರರದು ಯಾವುದು ಎಂದು ಗುರುತು ಹಿಡಿಯುತ್ತದೆ. ಇದಕ್ಕೆ ವೈದ್ಯರು ತಿರಸ್ಕಾರ ಅನ್ನುತ್ತಾರೆ.

ಅವಳಿ ಕರುಗಳ ಆಶ್ಚರ್ಯ

ಇಲ್ಲಿಂದ ಕತೆ ನಮ್ಮ ಹಟ್ಟಿಗೆ ಬರುತ್ತದೆ. 1948ರಲ್ಲಿ ಸ್ವೀಡನ್ನಿನ ಸ್ಟಾಕ್‌ಹೋಮಿನಲ್ಲಿ ನಡೆದ ಸಮ್ಮೇಳನದಲ್ಲಿ, ದನಗಳ ತಳಿ ಅಧ್ಯಯನ ಮಾಡುತ್ತಿದ್ದ ಹ್ಯೂ ಡೊನಾಲ್ಡ್ ಎಂಬವರು ಮೆಡಾವರನ್ನು ಕೇಳಿದರು: ಅವಳಿ ಕರುಗಳು ಒಂದೇ ಮೊಟ್ಟೆಯಿಂದ ಆದವೋ ಬೇರೆ ಬೇರೆಯೋ ಎಂದು ಖಚಿತವಾಗಿ ತಿಳಿಯುವುದು ಹೇಗೆ? ಮೆಡಾವರ್ ಹೇಳಿದರು, ಸುಲಭ, ಒಂದರ ಚರ್ಮ ಇನ್ನೊಂದಕ್ಕೆ ಹಾಕಿ. ಹಿಡಿದರೆ ಒಂದೇ ಮೊಟ್ಟೆಯವು, ಬಿದ್ದರೆ ಬೇರೆಯವು.

ಮಾತು ಕೊಟ್ಟ ಮೇಲೆ ಮಾಡಿ ತೋರಿಸಬೇಕಲ್ಲ. ಆಗ ಬರ್ಮಿಂಗ್‌ಹ್ಯಾಮಿನಲ್ಲಿದ್ದ ಮೆಡಾವರ್ ಮತ್ತು ಅವರ ಜೊತೆಗಾರ ರೂಪರ್ಟ್ ಬಿಲ್ಲಿಂಗ್‌ಹ್ಯಾಮ್ ಸ್ಟಾಫರ್ಡ್‌ಶೈರಿನ ಒಂದು ಫಾರ್ಮಿಗೆ ಹೋಗಿ ಬಂದು ಕರುಗಳಿಗೆ ತೇಪೆ ಹಾಕಿದರು. ಲೆಕ್ಕ ಪೂರಾ ತಪ್ಪಿತು. ಬೇರೆ ಬೇರೆ ಮೊಟ್ಟೆಯ ಅವಳಿಗಳಲ್ಲೂ ಬಹುಪಾಲು ತೇಪೆ ಹಿಡಿಯಿತು. ಒಂದು ಹೋರಿ ಕರು, ಒಂದು ಹೆಣ್ಣು ಕರು ಆಗಿದ್ದರೂ ಹಿಡಿಯಿತು. ಅವು ಒಂದೇ ಮೊಟ್ಟೆಯವಾಗಿರಲು ಸಾಧ್ಯವೇ ಇಲ್ಲ.

ಗಂಟಿ ಸಾಕಿದ ಹಿರಿಯರಿಗೆ ಇನ್ನೊಂದು ವಿಷಯ ಗೊತ್ತಿರಬಹುದು. ಹೋರಿ ಕರುವಿನ ಜೊತೆ ಅವಳಿಯಾಗಿ ಹುಟ್ಟಿದ ಹೆಣ್ಣು ಕರು ಸಾಮಾನ್ಯವಾಗಿ ಗೊಡ್ಡು. ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಹೀಗೇ ಆಗುತ್ತದೆ. ದನದ ಹೊಟ್ಟೆಯಲ್ಲಿ ಅವಳಿಗಳ ಮಾಸು ಒಂದಕ್ಕೊಂದು ಕೂಡಿಕೊಂಡು ರಕ್ತನಾಳಗಳು ಸೇರುವುದೇ ಇದಕ್ಕೆ ಕಾರಣ. ಹೋರಿಯ ಕಡೆಯಿಂದ ಬರುವ ರಸಗಳು ಹೆಣ್ಣಿನ ಗರ್ಭಕೋಶ, ಅಂಡಾಶಯ ಸರಿಯಾಗಿ ಬೆಳೆಯದಂತೆ ಮಾಡುತ್ತವೆ. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ರೇ ಓವನ್ ಎಂಬವರು 1945ರಲ್ಲೇ ತೋರಿಸಿದ್ದರು: ಇಂಥ ಅವಳಿ ದನಗಳು ದೊಡ್ಡದಾದ ಮೇಲೂ ಒಂದರ ಮೈಯಲ್ಲಿ ಇನ್ನೊಂದರ ರಕ್ತಕಣ ಇರುತ್ತದೆ.

ಆ ವರದಿ ಸಿಕ್ಕಿದಾಗ ಎಲ್ಲವೂ ಕೂಡಿ ಬಂತು. ಹುಟ್ಟುವ ಮೊದಲೇ ಬಸಿರಿನಲ್ಲಿ ಪರಿಚಯವಾದದ್ದನ್ನು ಮೈ "ನನ್ನದು" ಎಂದು ಕಲಿತುಕೊಳ್ಳುತ್ತದೆ. ಹಾಗಾದರೆ ಈ ಗುರುತು ಕಲಿಕೆಯಿಂದ ಬರುವಂಥದ್ದು. ಕಲಿಸಲೂ ಸಾಧ್ಯ ಇರಬೇಕು.

ಕಂದು ಇಲಿಗೆ ಬಿಳಿ ತೇಪೆ

1953ರಲ್ಲಿ ಬಿಲ್ಲಿಂಗ್‌ಹ್ಯಾಮ್, ಲೆಸ್ಲಿ ಬ್ರೆಂಟ್, ಮೆಡಾವರ್ ಮೂವರೂ ಇದನ್ನು ಇಲಿಗಳಲ್ಲಿ ಮಾಡಿ ತೋರಿಸಿದರು. ಕಂದು ತಳಿಯ ತಾಯಿ ಇಲಿಯ ಹೊಟ್ಟೆಯಲ್ಲಿದ್ದ ಮರಿಗಳಿಗೆ ಬಿಳಿ ತಳಿಯ ಇಲಿಯ ಜೀವಕೋಶಗಳನ್ನು ಸೂಜಿಯಿಂದ ಕೊಟ್ಟರು. ಹುಟ್ಟಿದ ಮರಿಗಳು ಎಂಟು ವಾರದವಾದಾಗ ಬಿಳಿ ಇಲಿಯ ಚರ್ಮ ಹಾಕಿದರು. ಅವರು ವಿವರಿಸಿದ ಐದು ಮರಿಗಳ ಒಂದು ಸೂಲಿನಲ್ಲಿ ಎರಡರ ತೇಪೆ ಮಾಮೂಲಿನಂತೆ ಕೊಳೆಯಿತು. ಮೂರರಲ್ಲಿ ಹಿಡಿಯಿತು, ಕಂದು ಮೈಯ ಮೇಲೆ ಬಿಳಿ ಕೂದಲಿನ ತೇಪೆ ಬೆಳೆಯಿತು.

ಐದರಲ್ಲಿ ಮೂರು ಇಲಿ ಎಂದರೆ ಕೇಳಲು ಸಣ್ಣ ಲೆಕ್ಕ. ಆದರೆ ಆ ತನಕ "ಪರರ ಅಂಗ ಎಂದೂ ಹಿಡಿಯುವುದಿಲ್ಲ" ಎಂದು ಮುಚ್ಚಿದ್ದ ಬಾಗಿಲು ಅಲ್ಲಿ ತೆರೆಯಿತು. 1960ರಲ್ಲಿ ಮೆಡಾವರ್‌ಗೆ ಆಸ್ಟ್ರೇಲಿಯಾದ ಮ್ಯಾಕ್‌ಫರ್ಲೇನ್ ಬರ್ನೆಟ್ ಜೊತೆ ನೊಬೆಲ್ ಬಂತು. 1961ರಲ್ಲಿ ಜಾಕ್ ಮಿಲ್ಲರ್ ಎಂಬವರು, ಹುಟ್ಟಿದ ಕೂಡಲೇ ಎದೆಯ ಥೈಮಸ್ ಗ್ರಂಥಿ ತೆಗೆದ ಇಲಿಮರಿಗಳು ಬೇರೆ ಇಲಿಯ ಚರ್ಮವನ್ನು ಓಡಿಸುವುದಿಲ್ಲ ಎಂದು ಕಂಡರು. ಕಾವಲುಗಾರ ಬಿಳಿ ಕಣಗಳು ತರಬೇತಿ ಪಡೆಯುವ ಶಾಲೆ ಅದೇ ಎಂದು ತಿಳಿಯಿತು.

ಕಿಡ್ನಿಗೆ ದಾರಿ ಸಿಕ್ಕಿತು, ಚರ್ಮಕ್ಕೆ ಯಾಕಿಲ್ಲ?

1954ರ ಡಿಸೆಂಬರ್ 23ರಂದು ಬೋಸ್ಟನ್ನಿನಲ್ಲಿ ಜೋಸೆಫ್ ಮರ್ರೆ ಒಬ್ಬ ಅವಳಿ ಸಹೋದರನ ಕಿಡ್ನಿಯನ್ನು ಇನ್ನೊಬ್ಬನಿಗೆ ಹಾಕಿದರು. ಅದಕ್ಕೂ ಮೊದಲು ಅವರಿಬ್ಬರೂ ಒಂದೇ ಮೊಟ್ಟೆಯ ಅವಳಿಗಳು ಹೌದೋ ಎಂದು ನೋಡಿದ್ದು ಚರ್ಮದ ಚೂರು ಹಾಕಿಯೇ. ಚೂರು ಹಿಡಿಯಿತು, ಆಮೇಲೆ ಕಿಡ್ನಿಯೂ ಹಿಡಿಯಿತು. ಕಿಡ್ನಿ ಪಡೆದವರು ಮತ್ತೆ ಎಂಟು ವರ್ಷ ಬದುಕಿದರು. ಮರ್ರೆ ಮೂಲತಃ ಯುದ್ಧದಲ್ಲಿ ಸುಟ್ಟ ಸೈನಿಕರಿಗೆ ಚರ್ಮ ಕಸಿ ಮಾಡುತ್ತಿದ್ದ ಶಸ್ತ್ರವೈದ್ಯರು.

ಅವಳಿಯಲ್ಲದವರಿಗೆ ಕಾವಲನ್ನು ತಗ್ಗಿಸುವ ಮಾತ್ರೆಗಳು ಬಂದವು. ನಾರ್ವೆಯ ಮಣ್ಣಿನಲ್ಲಿ ಸಿಕ್ಕ ಒಂದು ಬೂಷ್ಟಿನಿಂದ ತಯಾರಾದ ಸೈಕ್ಲೋಸ್ಪೋರಿನ್ 1978ರಿಂದ ಕಿಡ್ನಿ ರೋಗಿಗಳಿಗೆ ಬಳಕೆಗೆ ಬಂತು. ಇವತ್ತು ಕಿಡ್ನಿ ಹಾಕಿಸಿಕೊಂಡವರು ದಿನಾ ಮಾತ್ರೆ ನುಂಗುವುದು ಇದಕ್ಕೇ. ಮಾತ್ರೆ ಬಿಟ್ಟರೆ ಆ ಮೊಲದ ತೇಪೆಗೆ ಆದದ್ದೇ ಕಿಡ್ನಿಗೂ ಆಗುತ್ತದೆ.

ಹಾಗಾದರೆ ಸುಟ್ಟವರಿಗೂ ಅದೇ ಮಾತ್ರೆ ಕೊಟ್ಟು ಅಣ್ಣನ ಚರ್ಮ ಉಳಿಸಬಾರದೇ? ಎರಡು ಅಡ್ಡಿ ಇವೆ. ಚರ್ಮ ನಮ್ಮ ಮೈಯ ಗಡಿ. ಕಾವಲು ಕಣಗಳು ಅಲ್ಲಿ ತುಂಬಿಕೊಂಡಿವೆ, ಹಾಗಾಗಿ ಮೈ ಪರರ ಚರ್ಮವನ್ನು ಬೇರೆ ಅಂಗಗಳಿಗಿಂತ ಜೋರಾಗಿ ತಿರಸ್ಕರಿಸುತ್ತದೆ. ಎರಡನೆಯದು, ಸುಟ್ಟ ರೋಗಿ ಸಾಯುವುದು ಹೆಚ್ಚಾಗಿ ಸೋಂಕಿನಿಂದ. ಚರ್ಮ ಇಲ್ಲದ ಮೈಗೆ ಕಾವಲು ತಗ್ಗಿಸುವ ಮಾತ್ರೆ ಕೊಡುವುದು ಬಾಗಿಲು ಮುರಿದ ಮನೆಯ ನಾಯಿಯನ್ನೂ ಕಟ್ಟಿಹಾಕಿದಂತೆ. ಹಾಗಾಗಿ ಒಡಹುಟ್ಟಿದವರ ಗುರುತು ಎಷ್ಟೇ ಹೊಂದಿದರೂ, ಅವರ ಚರ್ಮ ಸ್ವಲ್ಪ ಹೆಚ್ಚು ದಿನ ನಿಂತು ಕೊನೆಗೆ ಉದುರುತ್ತದೆ. ಒಂದೇ ಮೊಟ್ಟೆಯ ಅವಳಿಗಳಿಗೆ ಮಾತ್ರ ವಿನಾಯಿತಿ.

ಎರವಲು ಚರ್ಮದ ಎರಡು ಮೂರು ವಾರ

ಇಷ್ಟು ಓದಿದ ಮೇಲೆ ಪರರ ಚರ್ಮ ದಂಡ ಅನ್ನಿಸಬಹುದು. ಆದರೆ ಜೀವ ಉಳಿಯುವುದು ಇಲ್ಲಿಯೇ. ಅರ್ಧಕ್ಕಿಂತ ಹೆಚ್ಚು ಮೈ ಸುಟ್ಟವರಿಗೆ ತೆಗೆಯಲು ಸ್ವಂತ ಚರ್ಮ ಸಾಕಾಗುವುದಿಲ್ಲ. ಉಳಿದ ಜಾಗದಿಂದ ತೆಳುವಾಗಿ ತೆಗೆದರೆ ಅಲ್ಲಿ ಮತ್ತೆ ಬೆಳೆಯಲು ಎರಡು ವಾರದ ಹತ್ತಿರ ಬೇಕು, ಆಮೇಲೆ ಅಲ್ಲಿಂದಲೇ ಇನ್ನೊಮ್ಮೆ ತೆಗೆಯಬಹುದು. ಆ ತನಕ ಗಾಯ ತೆರೆದೇ ಇದ್ದರೆ ನೀರು ಸೋರಿ, ಸೋಂಕು ಏರಿ ರೋಗಿ ಉಳಿಯುವುದಿಲ್ಲ. ತೀರಿಕೊಂಡವರು ದಾನ ಮಾಡಿದ ಚರ್ಮವನ್ನು ಆಗ ಮೇಲೆ ಹೊದಿಸುತ್ತಾರೆ. ತೀವ್ರವಾಗಿ ಸುಟ್ಟವರ ನಿರೋಧಕ ಶಕ್ತಿ ಕುಗ್ಗಿರುವುದರಿಂದ ಅದು ಎರಡು ಮೂರು ವಾರ ನಿಲ್ಲುತ್ತದೆ, ಕೆಲವೊಮ್ಮೆ ಇನ್ನೂ ಹೆಚ್ಚು. ಮಳೆಗಾಲದಲ್ಲಿ ಹಂಚು ಹಾರಿದ ಮಾಡಿಗೆ ಟಾರ್ಪಾಲು ಹಾಕಿದ ಹಾಗೆ. ಟಾರ್ಪಾಲು ಶಾಶ್ವತ ಅಲ್ಲ, ಆದರೆ ಅದಿಲ್ಲದಿದ್ದರೆ ಗೋಡೆಯೂ ಉಳಿಯುವುದಿಲ್ಲ.

ಎರವಲು ಚರ್ಮ ಉದುರಿದಾಗ "ಆಪರೇಷನ್ ಕೆಟ್ಟಿತು" ಎಂದು ಮನೆಯವರು ಹೆದರುತ್ತಾರೆ. ಹೆದರಬೇಕಾಗಿಲ್ಲ. ಅದು ಉದುರಲೆಂದೇ ಹಾಕಿದ್ದು. ಹೇಗೂ ಉದುರುವುದರಿಂದ ರಕ್ತದ ಗುಂಪು ಹೊಂದಿಸುವ ಅಗತ್ಯವೂ ಇಲ್ಲ.

ಕರ್ನಾಟಕದಲ್ಲಿ ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆ, ಬೆಳಗಾವಿಯ ಕೆ.ಎಲ್.ಇ. ಆಸ್ಪತ್ರೆಗಳಲ್ಲಿ ಚರ್ಮ ಬ್ಯಾಂಕ್ ಇವೆ. ಸಾವಿನ ನಂತರ ಆರು ಗಂಟೆಯ ಒಳಗೆ ತೊಡೆ, ಕಾಲು, ಬೆನ್ನಿನಿಂದ ಮೇಲಿನ ತೆಳು ಪದರವನ್ನು ಮಾತ್ರ ತೆಗೆಯುತ್ತಾರೆ. ಮುಕ್ಕಾಲು ಗಂಟೆಯ ಕೆಲಸ. ರಕ್ತ ಸುರಿಯುವುದಿಲ್ಲ, ದೇಹ ವಿಕಾರವಾಗುವುದಿಲ್ಲ, ಬಟ್ಟೆ ಹೊದಿಸಿ ಅಂತ್ಯಕ್ರಿಯೆ ಎಂದಿನಂತೆ ಮಾಡಬಹುದು. ಗ್ಲಿಸರಾಲಿನಲ್ಲಿ ಇಟ್ಟರೆ ಐದು ವರ್ಷದವರೆಗೂ ಕೆಡುವುದಿಲ್ಲ. 18 ದಾಟಿದವರು ಕೊಡಬಹುದು. ಎಚ್.ಐ.ವಿ., ಕಾಮಾಲೆಯ ಬಿ ಮತ್ತು ಸಿ ಸೋಂಕು, ಚರ್ಮದ ಕ್ಯಾನ್ಸರ್ ಇದ್ದವರದ್ದು ಆಗುವುದಿಲ್ಲ.

ಮೀನಿನ ಊರಿನವರಾದ ನಮಗೆ ಇನ್ನೊಂದು ಸುದ್ದಿ. ಬ್ರೆಜಿಲಿನ ಫೋರ್ಟಲೇಜಾದ ವೈದ್ಯರು ತಿಲಾಪಿಯಾ ಮೀನಿನ ಚರ್ಮವನ್ನು ಶುದ್ಧ ಮಾಡಿ ಸುಟ್ಟಗಾಯಕ್ಕೆ ಪಟ್ಟಿಯಾಗಿ ಬಳಸಿದ್ದಾರೆ. ಐಸ್‌ಲ್ಯಾಂಡಿನಲ್ಲಿ ಕಾಡ್ ಮೀನಿನ ಚರ್ಮದಿಂದ ಜೀವಕೋಶಗಳನ್ನು ತೆಗೆದು, ಉಳಿದ ನಾರಿನ ಬಲೆಯನ್ನು ಗಾಯಕ್ಕೆ ಹಾಕುತ್ತಾರೆ. ಬೇರೆ ಜೀವದ ಕೋಶಗಳೇ ಇಲ್ಲವಾದ್ದರಿಂದ ತಿರಸ್ಕಾರದ ಜಗಳ ಬಹಳ ಕಡಿಮೆ. ಇದು ಪ್ರಯೋಗಾಲಯದಲ್ಲಿ ಶುದ್ಧವಾದ ಮೀನು ಚರ್ಮ. ಮನೆಯಲ್ಲಿ ಮೀನು ಸುಲಿದು ಗಾಯಕ್ಕೆ ಅಂಟಿಸಿದರೆ ಸೋಂಕು ಖಂಡಿತ.

ಈ ತಿಳಿವಳಿಕೆಯ ಬೆಲೆ ತೆತ್ತವು ಮೊಲ, ಕರು, ಇಲಿಗಳು ಎಂಬುದನ್ನೂ ಹೇಳಿಯೇ ಮುಗಿಸಬೇಕು. ಮೆಡಾವರ್‌ಗೆ ನೊಬೆಲ್ ಬಂದ 1960ರಲ್ಲೇ ನಮ್ಮ ದೇಶದಲ್ಲಿ ಪ್ರಾಣಿ ಹಿಂಸೆ ತಡೆ ಕಾಯ್ದೆ ಬಂತು. ಪ್ರಾಣಿಗಳ ಮೇಲೆ ಪ್ರಯೋಗ ಮಾಡಲು ಅನುಮತಿ, ಮೇಲ್ವಿಚಾರಣೆ ಬೇಕು ಎಂಬ ನಿಯಮಗಳು 1998ರಲ್ಲಿ ಬಂದವು. ಅಷ್ಟು ನೋವಿನಿಂದ ಸಿಕ್ಕಿದ ಅರಿವನ್ನು ನಾವು ಉಪಯೋಗಿಸದೆ ಬಿಟ್ಟರೆ ಅದು ಎರಡನೇ ನಷ್ಟ.

ಆಸ್ಪತ್ರೆಯ ಬಾಗಿಲಲ್ಲಿ ನಿಂತು "ನನ್ನ ಚರ್ಮ ತೆಗೆಯಿರಿ" ಎನ್ನುವ ಪ್ರೀತಿ ದೊಡ್ಡದು. ಬದುಕಿರುವಾಗ ಅದು ಉಪಯೋಗಕ್ಕೆ ಬರುವುದು ಅಪರೂಪ, ಸತ್ತ ಮೇಲೆ ಬರುತ್ತದೆ. ಆರು ಗಂಟೆ ಎಂದರೆ ನಮ್ಮ ಕಡೆಯಿಂದ ದೊಡ್ಡ ಊರಿಗೆ ಹೋಗಿ ಬರುವಷ್ಟೇ ಹೊತ್ತು. ಅಳುವ ಮನೆಯಲ್ಲಿ ಆಗ ಕೂತು ಚರ್ಚೆ ಮಾಡಲು ಆಗುವುದಿಲ್ಲ. ಕೊಡುವ ಮನಸ್ಸಿದ್ದರೆ ಇವತ್ತೇ ಮನೆಯವರಿಗೆ ಹೇಳಿಡಿ. ಹತ್ತಿರದ ದೊಡ್ಡ ಆಸ್ಪತ್ರೆಯ ಪ್ಲಾಸ್ಟಿಕ್ ಸರ್ಜರಿ ವಿಭಾಗದಲ್ಲಿ, ಚರ್ಮ ತೆಗೆದುಕೊಳ್ಳುವ ತಂಡ ನಮ್ಮೂರ ತನಕ ಬರುತ್ತದೆಯೇ ಎಂದು ಕೇಳಿ, ಫೋನ್ ನಂಬರ್ ಬರೆದು ಗೋಡೆಯ ಕ್ಯಾಲೆಂಡರಿಗೆ ಅಂಟಿಸಿಡಿ.